ಬೆಂಗಳೂರಲ್ಲೇ ಅಪ್ಪೆಮಿಡಿ, ಕಳಲೆ, ಮಾಕಳಿಬೇರು: ಹುಡುಕಿ ಹಿಡಿದ ಅನುಭವ

ಬೆಂಗಳೂರಲ್ಲಿ ಕೂತು ಮಲೆನಾಡು, ಕರಾವಳಿ ಕಡೆಯ ಅಡುಗೆ ಮಾಡುವವರ ಬಾಯಲ್ಲಿ ಬರುವ ಮಾತು ಒಂದೇ: "ಅದೆಲ್ಲ ಊರಿಂದಲೇ ಬರಬೇಕು." ಉಪ್ಪಿನಕಾಯಿಯ ಅಪ್ಪೆಮಿಡಿ (ಪರಿಮಳದ ಮಾವಿನ ಮಿಡಿ), ಕಳಲೆ (ಎಳೆ ಬಿದಿರು), ಹುಳಿಗೆ ಹಾಕುವ ಒಣಸಿಪ್ಪೆ ಮುರುಗಲು, ಉಪ್ಪಾಗೆ, ಪತ್ರೊಡೆ ಮಾಡುವ ಕೆಸುವಿನ ಎಲೆ, ಉಪ್ಪಿನಕಾಯಿಗೇ ಹಾಕುವ ಮಾಕಳಿಬೇರು, ಕೊಡಗಿನ ಮದ್ದುಸೊಪ್ಪು ಅಂತ 18 ಸಾಮಾನಿನ ಪಟ್ಟಿ ಹಿಡಿದು ಹೊರಟಾಗ ನಕ್ಕವರೇ ಹೆಚ್ಚು. ನಾಲ್ಕು ವರ್ಷ ಆಯಿತು. ಈಗ 15 ಸಾಮಾನು ಮನೆಯಿಂದ 12 ಕಿಲೋಮೀಟರ್ ಒಳಗೇ ಸಿಗುತ್ತಿವೆ. ನಕ್ಕವರಲ್ಲಿ ಇಬ್ಬರು ಮಳೆಗಾಲ ಶುರುವಾದ ಕೂಡಲೇ "ಕಳಲೆ ಬಂತಾ?" ಅಂತ ನನಗೇ ಫೋನ್ ಮಾಡುತ್ತಾರೆ.

ಮೊದಲ ವರ್ಷ ಕೈಬಿಟ್ಟದ್ದು ಹೆಚ್ಚುಕಡಿಮೆ 9,000 ರೂಪಾಯಿ, ಪೆಟ್ರೋಲ್ ಬಿಟ್ಟು. ಅದರಲ್ಲಿ ಅರ್ಧ ಹೋದದ್ದು ಹೆಸರಿನ ಎಡವಟ್ಟಿಗೆ. ನಮ್ಮ ಹೆಸರಿಟ್ಟು ಕೇಳಿದರೆ ಅಂಗಡಿಯವರು "ಇಲ್ಲ" ಅನ್ನುತ್ತಾರೆ, ಸಾಮಾನು ಅವರ ಬೆನ್ನ ಹಿಂದೆಯೇ ಇರುತ್ತದೆ. ಹಾಗಾಗಿ ಸಾಮಾನನ್ನು ಹುಡುಕುವುದು ಬಿಟ್ಟು, ಅದನ್ನೇ ತಿನ್ನುವ ಬೇರೆ ಜನ ಊರಲ್ಲಿ ಎಲ್ಲಿದ್ದಾರೆ ಅಂತ ಹುಡುಕಲು ಶುರು ಮಾಡಿದೆ. ಅಲ್ಲಿಂದ ದಾರಿ ತೆರೆಯಿತು.

ಮುರುಗಲನ್ನೇ ತೆಗೆದುಕೊಳ್ಳಿ. ಶಿರಸಿ, ಸಿದ್ದಾಪುರದ ಕಡೆ ಮುರುಗಲು, ಮಂಗಳೂರಿನ ಕಡೆ ಪುನರ್ಪುಳಿ, ಮರಾಠಿಗರಿಗೆ ಆಮಸೂಲ್, ಉಳಿದ ಪೇಟೆಗೆಲ್ಲ ಕೋಕಂ. ಕೋಕಂ ಅಂತ ಕೇಳಿ ಎರಡು ಸಲ ಒಂದೊಂದು ಕಿಲೋ ತಂದೆ. ಎರಡೂ ಸಲ ಉಪ್ಪು ಹಾಕಿ ಒಣಗಿಸಿದ್ದು. ಸಾರಿಗೆ ಬೇರೆ ಉಪ್ಪೇ ಬೇಡ, ತಂಬುಳಿಯಂತೂ ಬಾಯಿಗಿಡುವ ಹಾಗಿರಲಿಲ್ಲ. ಈಗ ಅಂಗಡಿಯಲ್ಲೇ ಒಂದು ಸಿಪ್ಪೆ ನಾಲಿಗೆಗೆ ತಾಗಿಸಿ ನೋಡದೆ ತರುವುದಿಲ್ಲ. ಮೇಲೆ ಬಿಳಿ ಪುಡಿ ಕೂತಿದ್ದರೆ ಉಪ್ಪು. ಹೊಸ ಮಾಲು ಕಪ್ಪು ನೇರಳೆ ಬಣ್ಣ ಇದ್ದು, ಒತ್ತಿದರೆ ಬೆರಳಿಗೆ ಸ್ವಲ್ಪ ಅಂಟುತ್ತದೆ. ಹಳೆಯದು ಕಂದುಬಣ್ಣಕ್ಕೆ ತಿರುಗಿ ಪುಡಿಪುಡಿ ಉದುರುತ್ತದೆ. ಕೊಯ್ಲು ಬೇಸಿಗೆಯ ಕೊನೆಗೆ, ಹಾಗಾಗಿ ಜೂನ್ ಹೊತ್ತಿಗೆ ವರ್ಷಕ್ಕೆ ಬೇಕಾದದ್ದನ್ನು ಒಮ್ಮೆಗೇ ತಂದಿಡುವುದು ಲಾಭ. ನಮ್ಮ ಮನೆಗೆ ಒಂದೂವರೆ ಕಿಲೋ ಸಾಕು.

ಉಪ್ಪಾಗೆಗೆ ಪರದಾಡಿದ್ದು ನೆನೆದರೆ ಈಗ ನಗು ಬರುತ್ತದೆ. ಮಲಯಾಳಿಗಳ ಯಾವ ದಿನಸಿ ಅಂಗಡಿಗೆ ಹೋದರೂ ಮೀನು ಸಾರಿನ ಕುಡಂಪುಳಿ ಇದ್ದೇ ಇರುತ್ತದೆ. ಅದೇ ಉಪ್ಪಾಗೆ. ಅವರದ್ದು ಹೊಗೆಯಲ್ಲಿ ಒಣಗಿದ್ದು, ಉಪ್ಪು ಎಣ್ಣೆ ಸವರಿರುತ್ತಾರೆ. ಬಿಸಿನೀರಲ್ಲಿ ಎರಡು ಸಲ ತೊಳೆದು ಆ ನೀರು ಚೆಲ್ಲಿದರೆ ನಮ್ಮ ಹುಳಿಗೆ ಹೊಂದುತ್ತದೆ. ಕೊಡಗಿನ ಕಾಚಂಪುಳಿ ಕೂಡ ಇದೇ ಜಾತಿಯ ಹಣ್ಣಿನ ರಸ ಬತ್ತಿಸಿದ್ದು. ಉಪ್ಪಾಗೆ ಮುಗಿದಾಗ ಅದನ್ನು ಹಾಕಿ ನೋಡಿದೆ. ನಾಲ್ಕು ಜನರ ಹುಳಿಗೆ ಕಾಲು ಚಮಚ ಸಾಕು, ಅರ್ಧ ಹಾಕಿದರೆ ಹಲ್ಲು ಚುಳ್ಳೆನ್ನುತ್ತದೆ.

ಕಳಲೆ ಸಿಕ್ಕಿದ್ದು ಯಾರೂ ಊಹಿಸದ ಕಡೆ. ಸೂಪರ್ ಮಾರ್ಕೆಟ್ಟಿನ ಡಬ್ಬಿ ಮಾಲು ತಂದು ಸುಮಾರು 600 ರೂಪಾಯಿ ಹಾಳು ಮಾಡಿದೆ. ಅದು ಹುಳಿನೀರಲ್ಲಿ ನೆಂದು ನೆಂದು ಕಾಗದದ ಹಾಗಾಗಿರುತ್ತದೆ. ಆಮೇಲೆ ಹೊಳೆಯಿತು, ಬಿದಿರಿನ ಮೊಳಕೆ ಇಲ್ಲದೆ ಊಟವೇ ಇಲ್ಲ ಅನ್ನುವವರು ಈಶಾನ್ಯ ರಾಜ್ಯದವರು. ಎಜಿಪುರ, ನೀಲಸಂದ್ರದ ಕಡೆ ಅವರ ಸಣ್ಣ ಸಣ್ಣ ಅಂಗಡಿಗಳಿವೆ. ಅಲ್ಲಿ ಸುಮ್ಮನೆ ಕೇಳಿದರೆ ಹುಳಿಸಿದ್ದನ್ನು ಕೊಡುತ್ತಾರೆ, ಮಣಿಪುರದವರು ಸೋಯಿಬಮ್ ಅನ್ನುವುದು ಅದನ್ನೇ. ಹಸಿಯದು ಬೇಕು, ಹುಳಿಸದೇ ಇರುವುದು ಅಂತ ಬಿಡಿಸಿ ಹೇಳಬೇಕು. ಜೂನ್ ಕೊನೆಯಿಂದ ಆಗಸ್ಟ್ ತನಕ ಬರುತ್ತದೆ. ಕಿಲೋಗೆ 200ರ ಆಸುಪಾಸು ಕೊಟ್ಟ ನೆನಪು. ಸಿಪ್ಪೆ ಸಮೇತ ಕೊಂಡರೆ ಕಿಲೋಗೆ 400 ಗ್ರಾಂ ಕೈಗೆ ಬಂದರೆ ಹೆಚ್ಚು, ಬೆಲೆ ಮಾತಾಡುವಾಗ ಇದು ತಲೆಯಲ್ಲಿರಲಿ. ಚಾಕು ಎಲ್ಲಿ ತಡೆಯುತ್ತದೋ ಅಲ್ಲಿಂದ ಕೆಳಗಿನದ್ದು ಬಿಸಾಡುವುದೇ. ಬಿಲ್ಲೆ ಹೆಚ್ಚಿ ಮೂರು ದಿನ ನೀರಲ್ಲಿ, ಬೆಳಿಗ್ಗೆ ಸಂಜೆ ನೀರು ಬದಲಿಸಿ, ಕೊನೆಗೆ ಒಂದು ಕುದಿ ಕುದಿಸಿ ಆ ನೀರನ್ನೂ ಚೆಲ್ಲಿ. ಒಂದು ದಿನ ಉಳಿಸಲು ಹೋಗಬೇಡಿ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇದೆ, ಕಹಿ ಉಳಿದಿದ್ದರೆ ಅದು ಪೂರ್ತಿ ಹೋಗಿಲ್ಲ ಅಂತ ಅರ್ಥ.

ಹುಳಿಸಿದ್ದನ್ನೂ ಬಿಡಲಿಲ್ಲ. ಪಲ್ಯ ಮಾಡಿ ಎರಡು ದಿನ ಕಿಟಕಿ ತೆಗೆದಿಡಬೇಕಾಯಿತು. ಆದರೆ ಹೆಸರುಕಾಳಿನ ಗಸಿಗೆ ಒಂದೇ ಚಮಚ ಹಾಕಿದಾಗ ಚೆನ್ನಾಗಿಯೇ ಬಂತು. ಮನೆಯಲ್ಲಿ ಯಾರೂ ಒಪ್ಪಲಿಲ್ಲ, ಅದು ಬೇರೆ ಮಾತು.

ಪತ್ರೊಡೆ ಕೆಸುವಿಗೂ ಇದೇ ಸೂತ್ರ. ಗುಜರಾತಿಗಳು ಪಾತ್ರಾ, ಮರಾಠಿಗರು ಅಳುವಡಿ ಮಾಡುವುದು ಇದೇ ಎಲೆಯಲ್ಲಿ. ಅವರು ಹೆಚ್ಚಿರುವ ಬಡಾವಣೆಯ ತರಕಾರಿಯವರ ಹತ್ತಿರ ವರ್ಷದ ಬಹುಪಾಲು ಇರುತ್ತದೆ, ಹತ್ತು ಎಲೆಗೆ 40 ರೂಪಾಯಿ. ದಂಟು ಕಪ್ಪಗಿರುವುದನ್ನೇ ಆರಿಸುತ್ತೇನೆ. ತುರಿಕೆಗೆ ಕಾರಣ ಎಲೆಯೊಳಗಿನ ಸೂಜಿಯಂಥ ಹರಳು. ಬರೀ ಉಗಿಗೆ ಅದು ಬಗ್ಗುವುದಿಲ್ಲ, ಹಿಟ್ಟಲ್ಲಿ ಹುಣಸೆ ಮುಂದಾಗಿರಬೇಕು, ಉಗಿ 40 ನಿಮಿಷಕ್ಕೆ ಕಡಿಮೆ ಆಗಬಾರದು. ಖರ್ಚು ಉಳಿಸೋಣ ಅಂತ ಮಾರುಕಟ್ಟೆಯ ತಿನ್ನುವ ಕೆಸುಗೆಡ್ಡೆಯನ್ನೇ ಪೇಂಟ್ ಬಕೆಟ್ಟಿನಲ್ಲಿ ನೆಟ್ಟೆ. ಆನೆಕಿವಿಯಂಥ ಎಲೆ ಬಂತು, ನೋಡಲು ಚಂದ. ತಿಂದವರ ಗಂಟಲು ಮರುದಿನದವರೆಗೂ ಕೆರೆಯಿತು. ಗೆಡ್ಡೆ ಒಳ್ಳೆಯದಿದ್ದ ಮಾತ್ರಕ್ಕೆ ಎಲೆ ಒಳ್ಳೆಯದಿರಬೇಕು ಅಂತೇನಿಲ್ಲ.

ಇನ್ನು ಅಪ್ಪೆಮಿಡಿ. ದುಡ್ಡು ಹೆಚ್ಚು ಮುಳುಗಿದ್ದು ಇಲ್ಲೇ, ಕೊನೆಗೆ ಗೆದ್ದದ್ದೂ ಇಲ್ಲೇ. ಫೆಬ್ರವರಿ ಮಾರ್ಚಿನಲ್ಲಿ ಗಾಂಧಿ ಬಜಾರ್, ಮಲ್ಲೇಶ್ವರದಲ್ಲಿ ಮಿಡಿ ರಾಶಿ ಬೀಳುತ್ತದೆ. ಅಪ್ಪೆಮಿಡಿಗೆ ಜಿಐ (ಇಂಥ ಊರಿನದ್ದೇ ಅನ್ನುವ ಭೌಗೋಳಿಕ) ಗುರುತು ಸಿಕ್ಕಿದೆ ನಿಜ, ರಾಶಿಯ ಮೇಲೆ ಯಾರೂ ಚೀಟಿ ಅಂಟಿಸಿರುವುದಿಲ್ಲ. ಯಾವ ಕಾಟುಮಾವಿನ ಮಿಡಿಗೂ ಅಪ್ಪೆ ಅಂತಲೇ ಹೇಳುತ್ತಾರೆ. ಮೊದಲ ಸಲ 300 ಮಿಡಿಗೆ 1,500ರ ಹತ್ತಿರ ಕೊಟ್ಟೆ. ಎರಡು ತಿಂಗಳಿಗೆ ಇಡೀ ಜಾಡಿ ಮೆತ್ತಗಾಗಿ ಲೊಳಕ್ಕೆಂದಿತು. ತಪ್ಪು ಮೂರಿತ್ತು. ಅರ್ಧ ಮಿಡಿಗೆ ತೊಟ್ಟೇ ಇರಲಿಲ್ಲ. ಮರ ಅಲುಗಿಸಿ ಉದುರಿಸಿದ ಮಾಲು, ಒಳಗೆ ಪೆಟ್ಟಾಗಿತ್ತು. ಅದರ ಮೇಲೆ ಗೋಣಿಚೀಲದಲ್ಲಿ ಒಂದೂವರೆ ದಿನ ಬೆಂದಿತ್ತು.

ಈಗ ರಾಶಿಯ ಮುಂದೆ ಕೂತು ನೋಡುವುದು ಹೀಗೆ. ತೊಟ್ಟು ಅರ್ಧ ಇಂಚಾದರೂ ಇರಬೇಕು. ಒಂದು ತೊಟ್ಟು ಮುರಿದರೆ ಸೊನೆ ಚಿಮ್ಮಬೇಕು, ಬರೀ ಒಸರಿದರೆ ಕೊಯ್ದು ಎರಡು ದಿನ ದಾಟಿದೆ. ಸೊನೆಯ ಪರಿಮಳ ಕೈತೊಳೆದ ಮೇಲೂ ಬೆರಳಲ್ಲಿ ಉಳಿಯಬೇಕು. ಅಪ್ಪೆಯ ಸೊನೆ ಬೆಂಕಿಕಡ್ಡಿಗೆ ಹಿಡಿದರೆ ಚಟಪಟ ಹೊತ್ತುತ್ತದೆ, ಇದನ್ನು ನೋಡಿದ ಮೇಲೆ ಮಾರುವವರು ಸುಳ್ಳು ಬೆಲೆ ಹೇಳುವುದನ್ನು ಬಿಡುತ್ತಾರೆ. ಕೊನೆಗೆ ಒಂದನ್ನು ಕಚ್ಚಿ ನೋಡಬೇಕು, ಗೊರಟು ಹಲ್ಲಿಗೆ ಗಟ್ಟಿ ಸಿಕ್ಕಿದರೆ ಎದ್ದು ಬನ್ನಿ.

ಉಪ್ಪಿಗೆ ಹಾಕುವುದು ನಿಮಗೆ ಗೊತ್ತು. ನನ್ನ ಲೆಕ್ಕ ನಾಲ್ಕು ಕಿಲೋ ಮಿಡಿಗೆ ಒಂದು ಕಿಲೋ ಹರಳುಪ್ಪು. ಪುಡಿ ಉಪ್ಪು ಬೇಡ. ಹತ್ತು ಹನ್ನೆರಡು ದಿನಕ್ಕೆ ಮಿಡಿ ಮುರುಟುತ್ತದೆ, ಅಷ್ಟರಲ್ಲಿ ಒಂದೇ ಒಂದು ಮಿಡಿ ಉಪ್ಪುನೀರಿನ ಮೇಲೆ ತೇಲಿದರೂ ಅಲ್ಲಿಂದ ಬೂಷ್ಟು ಶುರು. ತಟ್ಟೆ ಮುಚ್ಚಿ ತೊಳೆದ ಕಲ್ಲು ಹೇರಿ. ಈಗಿನ ಜಾಡಿ ಎರಡನೇ ವರ್ಷದ್ದು, ಕಚ್ಚಿದರೆ ಕಟುಂ ಅನ್ನುತ್ತದೆ. ಮಿಡಿಯೊಂದಕ್ಕೆ ಐದು ರೂಪಾಯಿ ಬಿದ್ದಿದೆ. ಸಾಗರ, ರಿಪ್ಪನ್‌ಪೇಟೆಯಲ್ಲಿ ಇದಕ್ಕಿಂತ ಅಗ್ಗ ಅಂತ ನೀವು ಹೇಳಬಹುದು. ಹೋಗಿ ಬರುವ ಬಸ್ ಚಾರ್ಜ್ ಸೇರಿಸಿ ನೋಡಿ. ಮಾಲು ಯಾವ ವಾರ, ಯಾವ ಕಡೆಯ ಲಾರಿಯಲ್ಲಿ ಇಳಿಯುತ್ತದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ವರ್ಷ ನನಗೇ ಸಿಗುವುದಿಲ್ಲ.

ಮಾರುವವರನ್ನು ಪಳಗಿಸುವುದಕ್ಕೂ ಖರ್ಚಿದೆ. ಕೆ.ಆರ್. ಮಾರುಕಟ್ಟೆಯಲ್ಲಿ ಬೆಳಗಿನ ಜಾವ ಸೊಪ್ಪು ತರುವ ಹೆಂಗಸರಿಗೆ "ಅದು ತರ್ತೀರಾ ಅಕ್ಕಾ" ಅಂದರೆ "ಆಯ್ತಣ್ಣ" ಅನ್ನುತ್ತಾರೆ, ತರುವುದಿಲ್ಲ. ಕೇಳಿ ಹೋದವರು ಮತ್ತೆ ಬಾರದ್ದನ್ನು ಅವರು ಎಷ್ಟು ಕಂಡಿಲ್ಲ! ಒಂದು ಒಣಗಿದ ಎಲೆಯನ್ನೋ ಬೇರಿನ ತುಂಡನ್ನೋ ಕೈಗೆ ಕೊಟ್ಟು, ನೂರು ರೂಪಾಯಿ ಮುಂಗಡ ಕೊಟ್ಟು, ದಿನ ಗೊತ್ತು ಮಾಡಬೇಕು. ಮೊದಲ ಸಲ ಏನು ತಂದರೂ ಪೂರ್ತಿ ಕೊಳ್ಳಬೇಕು, ಅರ್ಧ ಕೊಳೆತಿದ್ದರೂ. ಹೀಗೆ ಹೊನಗೊನ್ನೆ, ಗೋಣಿಸೊಪ್ಪಿಗೆ ಮೂರು ಸಲ ದಂಡ ಕಟ್ಟಿದ್ದೇನೆ, ಎಲ್ಲ ಸೇರಿ 500 ಆಗಿರಬಹುದು. ಈಗ ಸೊಪ್ಪು ತರುವ ಹೆಂಗಸೇ ಫೋನ್ ಮಾಡುತ್ತಾಳೆ.

ಮಾಕಳಿಬೇರು ಚಳಿಗಾಲದಲ್ಲಿ ಗಾಡಿಯ ಮೇಲೆ ಬರುತ್ತದೆ. ಮಾರುವವರು ತಮಿಳರಾದರೆ ಮಾಗಾಳಿ ಕಿಳಂಗು ಅಂತ ಕೇಳಿ. ಸೊಗದೆಬೇರನ್ನು ಅದೇ ಅಂತ ದಾಟಿಸುವವರಿದ್ದಾರೆ, ಅದು ತೆಳ್ಳಗೆ, ಕಡ್ಡಿಯ ಹಾಗೆ. ಮಾಕಳಿ ಹೆಬ್ಬೆರಳಿನ ದಪ್ಪ ಇರಬೇಕು, ಬಗ್ಗಿಸಿದರೆ ಲಟ್ಟನೆ ಮುರಿಯಬೇಕು. ವಾಸನೆ ಬಗ್ಗೆ ಜಗಳ ಹಳೆಯದು, ಕೆಲವರಿಗೆ ವೆನಿಲ್ಲಾ, ಕೆಲವರಿಗೆ ತಿಗಣೆ. ನಡುವಿನ ನಾರು ತೆಗೆದರೆ ತೂಕ ಅರ್ಧಕ್ಕೆ ಇಳಿಯುತ್ತದೆ. ಕಾಡಿನಿಂದ ಬುಡ ಸಮೇತ ಅಗೆದು ತರುವ ಬೇರು ಇದು, ಬಳ್ಳಿಯೇ ಕಡಿಮೆಯಾಗುತ್ತಿದೆ. ಹಾಗಾಗಿ ಎರಡು ವರ್ಷಕ್ಕೆ ಒಂದೇ ಕಿಲೋ ಅಂತ ನಾನೇ ಮಿತಿ ಹಾಕಿಕೊಂಡಿದ್ದೇನೆ.

ಮದ್ದುಸೊಪ್ಪಿಗೆ ಅಂಗಡಿಗಿಂತ ಕ್ಯಾಲೆಂಡರ್ ಮುಖ್ಯ. ಈ ಸೊಪ್ಪು ತಿನ್ನುವ ದಿನ, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟು, ಆಗಸ್ಟ್ 3ಕ್ಕೆ ಬೀಳುತ್ತದೆ. ಅದಕ್ಕೆ ಎರಡು ದಿನ ಮುಂಚೆ ಕೊಡಗಿನ ಸಾಮಾನು ಇಡುವ ಅಂಗಡಿಗೆ ಹೇಳಿಟ್ಟರೆ ಕಟ್ಟು ಸಿಗುತ್ತದೆ, 5ನೇ ತಾರೀಕು ಹೋದರೆ ನಗುತ್ತಾರೆ. ಸೊಪ್ಪು ಕುದಿಸಿದ ನೇರಳೆ ಬಣ್ಣದ ನೀರಲ್ಲಿ ಪಾಯಸ ಮಾಡುವುದು. ಮೊದಲ ಸಲ ತಿನ್ನುವವರಿಗೆ ಮರುದಿನ ಮೂತ್ರ ಕೆಂಪಾಗುತ್ತದೆ ಅಂತ ಮುಂಚೆಯೇ ಹೇಳಿಬಿಡಿ.

ಇನ್ನೂ ಕೈಗೆ ಸಿಗದವು ಮೂರು. ಜೋನಿಬೆಲ್ಲ (ನೀರುಬೆಲ್ಲ) ಇಲ್ಲಿ ಸಿಗುತ್ತದೆ, ಆದರೆ ನಾಲ್ಕು ಕಡೆ ಕೊಂಡು ನಾಲ್ಕರಲ್ಲೂ ಸಕ್ಕರೆಯ ಅನುಮಾನ ಬಂದು ಬಿಟ್ಟೆ. ಆಲೆಮನೆ ನಡೆಯುವ ಕಾಲದಲ್ಲಿ ಬಸ್ಸಿಗೆ ಹಾಕಿಸುತ್ತೇನೆ, ಡಬ್ಬಿಯ ಮುಕ್ಕಾಲಷ್ಟೇ ತುಂಬಿಸಿ. ಕಂಠಮಟ್ಟ ತುಂಬಿಸಿದ್ದು ಒಮ್ಮೆ ಹುಳಿಬಂದು ಉಬ್ಬಿ, ಮುಚ್ಚಳ ಹಾರಿ ಬಸ್ಸಿನ ಡಿಕ್ಕಿಯೆಲ್ಲ ಬೆಲ್ಲವಾಗಿ 350 ರೂಪಾಯಿ ತೊಳೆಯುವ ಖರ್ಚು ಕೊಟ್ಟಿದ್ದೇನೆ. ವಾಟೆಹುಳಿ ಒಣಗಿಸಿದ್ದೂ ಊರಿಂದಲೇ. ಮೂರನೆಯದು ಮರಗೆಸು, ಮಳೆಗಾಲದಲ್ಲಿ ಮರದ ಮೇಲೆ ಏಳುವ ಎಲೆ. ಅದನ್ನು ತಿನ್ನುವ ಬೇರೆ ಜನ ಈ ಊರಲ್ಲಿ ಯಾರು ಅಂತ ಇನ್ನೂ ಪತ್ತೆಯಾಗಿಲ್ಲ. ಹೋದ ಜುಲೈಯಲ್ಲಿ ನಾಲ್ಕು ಗೆಡ್ಡೆ ತರಿಸಿ ಮನೆ ಮುಂದಿನ ಹೊಂಗೆಮರದ ಕವಲಿಗೆ ತೆಂಗಿನ ನಾರಿನಲ್ಲಿ ಕಟ್ಟಿದ್ದೆ. ಎರಡನ್ನು ಅಳಿಲು ಕೆದರಿತು, ಒಂದು ಒಣಗಿತು. ಉಳಿದದ್ದರಲ್ಲಿ ಅಂಗೈ ಅಗಲದ ಒಂದೇ ಎಲೆ ಬಂತು, ಕೊಯ್ಯದೆ ಬಿಟ್ಟಿದ್ದೇನೆ.