ಅಂಗಳಕ್ಕೆ ಎಷ್ಟು ದಪ್ಪದ ಚಪ್ಪಡಿ ಬೇಕು?

ಮೇಲೆ ಏನು ಓಡಾಡುತ್ತದೆ, ಕೆಳಗೆ ಏನಿದೆ ಎಂಬ ಎರಡನ್ನು ನೋಡಿಯೇ ನಾನು ದಪ್ಪ ಹೇಳುವುದು. ಬರೀ ನಡೆದಾಡುವ ಜಾಗ, ಕೆಳಗೆ ನಾಲ್ಕಿಂಚು ಕಾಂಕ್ರೀಟ್ ಇದ್ದರೆ 25 ಮಿ.ಮೀ. ಗ್ರಾನೈಟ್ ಸಾಕು. ಜಲ್ಲಿ, ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತೆಗೆದ ಮರಳು) ಮೇಲೆ ಕೂರಿಸುವುದಾದರೆ 40ಕ್ಕಿಂತ ಕಡಿಮೆ ಬೇಡ. ಕಾರು ನಿಲ್ಲುವ ಕಡೆ 60, ತುಂಡಿನ ಉದ್ದ, ಅಗಲ ಎರಡೂ ಒಂದೂವರೆ ಅಡಿಯೊಳಗೆ. ಕಾಫಿ ಮೂಟೆ ತುಂಬಿದ ಪಿಕಪ್, ಟ್ರ್ಯಾಕ್ಟರ್ ಬರುವ ದಾರಿಗೆ 75ರಿಂದ 100, ಅದೂ ಒಂದಡಿ ಉದ್ದ, ಒಂದಡಿ ಅಗಲದ ತುಂಡುಗಳೇ ಆಗಬೇಕು.

ತುಂಡು ಚಿಕ್ಕದಿರಬೇಕು ಎನ್ನಲು ಕಾರಣವಿದೆ. ಚಕ್ರದ ಭಾರ ಬಿದ್ದಾಗ ಚಪ್ಪಡಿಯ ಕೆಳಮೈಯಲ್ಲಿ ಎಳೆತ ಉಂಟಾಗಿ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ದಪ್ಪ ಎರಡು ಪಟ್ಟಾದರೆ ತಾಳಿಕೆ ನಾಲ್ಕು ಪಟ್ಟಾಗುತ್ತದೆ, ಉದ್ದ ಹೆಚ್ಚಿದಷ್ಟೂ ತಗ್ಗುತ್ತದೆ. ಎರಡಡಿ ಉದ್ದ, ಎರಡಡಿ ಅಗಲದ 50 ಮಿ.ಮೀ. ಗ್ರಾನೈಟ್ ಸುಮಾರು 50 ಕೆ.ಜಿ. ತೂಗುತ್ತದೆ. ಇಬ್ಬರು ಹಿಡಿದು ಸರಿಯಾಗಿ ಕೂರಿಸಬಹುದಾದ ತೂಕ ಅಷ್ಟೇ.

ಅಂಗಡಿಯವರು ‘ಒಂದಿಂಚು’ ಎಂದದ್ದನ್ನು ನಂಬದೆ ನಾಲ್ಕೂ ಮೂಲೆಗೆ ಟೇಪ್ ಹಿಡಿಯಿರಿ. ಸೀಳಿದ ಕಲ್ಲಿನಲ್ಲಿ ಒಂದು ಮೂಲೆ 45 ಮಿ.ಮೀ. ಇದ್ದರೆ ಇನ್ನೊಂದು 32 ಇರುತ್ತದೆ; ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ್ದು 32. ಜಾರದಂತೆ ಬೆಂಕಿಯ ಜ್ವಾಲೆಯಿಂದ ಮೈ ಒರಟಾಗಿಸುವ ಫ್ಲೇಮ್ ಫಿನಿಶ್ ಮಾಡಿಸಿದರೆ ಮೇಲ್ಮೈಯಲ್ಲಿ ಒಂದೆರಡು ಮಿ.ಮೀ. ಹೋಗುತ್ತದೆ, 20 ಮಿ.ಮೀ.ಗಿಂತ ತೆಳುವಾದದ್ದು ಆ ಬೆಂಕಿಗೇ ಸೀಳಬಹುದು. ಸುತ್ತಿಗೆ ತುದಿಯಿಂದ ತಟ್ಟಿ ನೋಡಿ: ಒಳಗೆ ಬಿರುಕಿದ್ದರೆ ಖಣಖಣ ಬದಲು ಮಂದ ಸದ್ದು ಬರುತ್ತದೆ.

ಶಹಾಬಾದ್, ಕಡಪ ಕಲ್ಲು ಅಗ್ಗ, ನಿಜ. ಆದರೆ ಅವು ಪದರಗಲ್ಲು. ಮಡಿಕೇರಿ ಕಡೆಯ ಮಳೆಯಲ್ಲಿ ಅಂಚಿನಿಂದ ನೀರು ಹೊಕ್ಕು ಪದರ ಏಳುತ್ತದೆ, ದಪ್ಪ ಹೆಚ್ಚಿಸಿದರೂ ಅದು ನಿಲ್ಲದು. ನಯವಾದ ಮೈಮೇಲೆ ಪಾಚಿ ಕಟ್ಟಿದರೆ ಕಾಲಿಡುವಂತಿಲ್ಲ. ಮಾಡಿನ ಕೆಳಗಿನ ಜಗಲಿಗಷ್ಟೇ ಅವನ್ನು ಹಾಕುತ್ತೇನೆ.

ಕೊಡಗಿನಲ್ಲಿ ಚಪ್ಪಡಿ ಒಡೆಯುವುದು ಹೆಚ್ಚಾಗಿ ತಳದ ದೋಷದಿಂದ. ಇಲ್ಲಿ ಅಂಗಳವೆಂದರೆ ಅರ್ಧ ಬರೆ (ಗುಡ್ಡದ ಇಳಿಜಾರು) ಕಡಿದದ್ದು, ಅರ್ಧ ಆ ಮಣ್ಣನ್ನೇ ತುಂಬಿದ್ದು. ತುಂಬಿದ ಭಾಗ ಮಳೆಗಾಲದಲ್ಲಿ ಕುಸಿದು, ಎರಡೂ ಸೇರುವ ಗೆರೆಯುದ್ದಕ್ಕೂ ನೂರು ಮಿ.ಮೀ. ಕಲ್ಲೂ ವಾಲುತ್ತದೆ. ಆರಾರು ಇಂಚಿನ ಪದರ ಹಾಕಿ ದಮ್ಮಸ್ಸು ಮಾಡಿ, ಒಂದು ಮಳೆಗಾಲ ಬಿಟ್ಟು ಹಾಸುವುದೇ ಸರಿ. ಕೆಂಪುಮಣ್ಣು ನೆನೆದಾಗ ಕೆಸರಾಗಿ ಜಲ್ಲಿಯೊಳಗೆ ಏರುತ್ತದೆ, ಹಾಗಾಗಿ ನಡುವೆ ಜಿಯೋಟೆಕ್ಸ್‌ಟೈಲ್ (ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ) ಹಾಸುತ್ತೇನೆ. ದಮ್ಮಸ್ಸಾದ ಜಲ್ಲಿ ನಡಿಗೆಗೆ ನಾಲ್ಕಿಂಚು, ಕಾರಿಗೆ ಎಂಟು, ಟ್ರ್ಯಾಕ್ಟರಿಗೆ ಹನ್ನೆರಡು ಇರಲಿ.

ಕಾಂಕ್ರೀಟ್ ಮೇಲಾದರೆ ಗಾರೆ 1:4 (ಒಂದು ಪಾಲು ಸಿಮೆಂಟ್, ನಾಲ್ಕು ಪಾಲು ಮರಳು), ಇಡೀ ತಳಕ್ಕೆ ಹರಡಬೇಕು. ನಾಲ್ಕು ಮೂಲೆಗೂ ನಡುವಿಗೂ ಮುದ್ದೆ ಇಟ್ಟು ಕೂರಿಸಿದರೆ ಒಳಗೆ ಪೊಳ್ಳಾಗಿ, ಚಕ್ರ ಹತ್ತಿದ ದಿನವೇ ಸೀಳಬಹುದು. ಅಡಿಗೆ ಕಾಲಿಂಚು ಇಳಿಜಾರು ಮನೆಯಿಂದ ಆಚೆಗೆ ಇರಲಿ. ಮರಳಿನ ಮೇಲೆ ಹಾಸಿದ್ದಾದರೆ ಸುತ್ತ ಅಂಚುಗಲ್ಲನ್ನು ಕಾಂಕ್ರೀಟ್‌ನಲ್ಲಿ ಆರಿಂಚು ಹೂತು ನಿಲ್ಲಿಸಿ. ಅದಿಲ್ಲದಿದ್ದರೆ ಜುಲೈ ಮಳೆಗೆ ಮರಳು ಕೊಚ್ಚಿಹೋಗಿ ಹೊರಗಿನ ಸಾಲು ಮೊದಲು ಇಳಿಯುತ್ತದೆ.