ವಿಟ್ಬಿಗೆ ಹೋಗುವುದಾದರೆ ಆಗಸ್ಟ್‌ನಲ್ಲಿ ಹೊರಡಿ
ಯಾರ್ಕ್, ಲೀಡ್ಸ್ ಕಡೆ ಇರುವವರು ಒಂದು ದಿನದ ಮಟ್ಟಿಗೆ ಇಂಗ್ಲೆಂಡಿನ ಕಡಲತೀರದ ಊರಾದ ವಿಟ್ಬಿಗೆ ಹೋಗುವುದಾದರೆ ಆಗಸ್ಟ್ ಮುಗಿಯುವುದರೊಳಗೆ ಹೋಗಿಬನ್ನಿ. ಪಿಕರಿಂಗ್ ದಾಟಿ ಎ169 ರಸ್ತೆ ಮೇಲೇರಿದರೆ ಮೂರ್‌ ಎಂಬ ಕುರುಚಲು ಬಯಲಿನ ತುಂಬ ಹೆದರ್ ಹೂವಿನ ನೇರಳೆ ಬಣ್ಣ. ಬೋಗುಣಿಯಂಥ ಹೋಲ್ ಆಫ್ ಹಾರ್ಕಮ್ ಕಣಿವೆಯ ಅಂಚಿನಲ್ಲಿ ಹತ್ತು ನಿಮಿಷವಾದರೂ ನಿಲ್ಲಿ. ಕಾರಿಲ್ಲದವರಿಗೆ ಪಿಕರಿಂಗ್‌ನಿಂದ ಉಗಿಬಂಡಿ ಇದೆ. ಆದರೆ ಎಲ್ಲವೂ ವಿಟ್ಬಿ ತಲುಪುವುದಿಲ್ಲ, ವೇಳಾಪಟ್ಟಿ ನೋಡಿಕೊಳ್ಳಿ.

ಊರಿಗೆ ಬಂದೊಡನೆ 199 ಮೆಟ್ಟಿಲು ಹತ್ತಿಬಿಡಿ. ಮೇಲೆ ಸೇಂಟ್ ಮೇರಿ ಚರ್ಚು, ಅದರಾಚೆ 657ರಲ್ಲಿ ಮೊದಲು ನೆಲೆಗೊಂಡ ಮಠದ ಜಾಗದಲ್ಲಿ ವಿಟ್ಬಿ ಅಬ್ಬಿ ಎಂಬ ಹಳೆಯ ಕ್ರೈಸ್ತ ಮಠದ ಅವಶೇಷಗಳು. ಮೀನು-ಚಿಪ್ಸ್ ತಿಂದ ಮೇಲೆ ಹತ್ತುತ್ತೇನೆಂದರೆ ಕಾಲು ಕೇಳುವುದಿಲ್ಲ, ಅನುಭವದ ಮಾತು! ಆ ಪೊಟ್ಟಣವನ್ನು ಬಂದರಿನ ಕಟ್ಟೆಯ ಮೇಲೆ ಮಾತ್ರ ಬಿಚ್ಚಬೇಡಿ. ಕಡಲಹಕ್ಕಿಗಳು ಕೈಯಿಂದಲೇ ಕಸಿಯುತ್ತವೆ.