ಮೊದಲು ಉಸಿರು ಎಣಿಸಿ, ಆಮೇಲೆ ಚುಕ್ಕೆ: ಉಪ್ಪುನೀರಿನ ಮೀನಿನ ರೋಗಕ್ಕೆ ನಾನು ಅನುಸರಿಸುವ ಕ್ರಮ

ಉಪ್ಪುನೀರಿನ ಟ್ಯಾಂಕಿನಲ್ಲಿ ಮೀನಿನ ಮೈಮೇಲೆ ಬಿಳಿ ಚುಕ್ಕೆ ಕಂಡರೆ ಸಾಕು, ಎಲ್ಲರೂ ‘ಇಕ್’ (ಬಿಳಿ ಚುಕ್ಕೆ ತರುವ ಪರಾವಲಂಬಿ ರೋಗ) ಅಂದುಬಿಡುತ್ತಾರೆ. ನಾನು ಚುಕ್ಕೆಯನ್ನು ಆಮೇಲೆ ನೋಡುತ್ತೇನೆ. ಮೊದಲು ಸ್ಟಾಪ್‌ವಾಚ್ ಹಿಡಿದು ಕಿವಿರಿನ ಮುಚ್ಚಳ 15 ಸೆಕೆಂಡಿನಲ್ಲಿ ಎಷ್ಟು ಸಲ ಬಡಿಯುತ್ತದೆ ಎಂದು ಎಣಿಸಿ ನಾಲ್ಕರಿಂದ ಗುಣಿಸುತ್ತೇನೆ. ಮೀನು ಸುಮ್ಮನೆ ನಿಂತಿರುವಾಗಲೂ ಲೆಕ್ಕ 120 ದಾಟಿದ್ದರೆ, ಪಂಪಿನ ನೀರಿನ ರಭಸಕ್ಕೆ ಬಾಯಿ ಕೊಟ್ಟುಕೊಂಡು ನಿಂತಿದ್ದರೆ, ಊಟ ಬಿಟ್ಟು ಬೆಳಕಿನಿಂದ ಮರೆಯಾಗುತ್ತಿದ್ದರೆ, ಮೈಮೇಲೆ ಒಂದು ಚುಕ್ಕೆಯೂ ಇಲ್ಲದಿದ್ದರೂ ಅದು ವೆಲ್ವೆಟ್ ಎಂಬ ಇನ್ನೊಂದು ಪರಾವಲಂಬಿ ರೋಗ ಎಂದೇ ತಿಳಿದು ಕೆಲಸ ಶುರು ಮಾಡುತ್ತೇನೆ. ವೆಲ್ವೆಟ್ ಮೊದಲು ಹಿಡಿಯುವುದು ಕಿವಿರನ್ನು. ಮೈಮೇಲೆ ಕಾಣುವ ಹೊತ್ತಿಗೆ ಬಹಳ ಸಲ ಒಂದೆರಡು ದಿನವಷ್ಟೇ ಉಳಿದಿರುತ್ತದೆ. ಆರೋಗ್ಯವಾಗಿರುವಾಗಲೇ ಪ್ರತಿ ಮೀನಿನ ಉಸಿರಿನ ಲೆಕ್ಕ ಬರೆದಿಟ್ಟುಕೊಂಡಿದ್ದರೆ ಹೋಲಿಸಲು ಸುಲಭ, ಏಕೆಂದರೆ ಜಾತಿಯಿಂದ ಜಾತಿಗೆ ಅದು ಬೇರೆ.

ಚುಕ್ಕೆ ನೋಡಲು ಟ್ಯಾಂಕಿನ ಲೈಟ್ ಆರಿಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಬೇಕು. ನೀಲಿ ಎಲ್‌ಇಡಿ ಕೆಳಗೆ ಏನೂ ತಿಳಿಯುವುದಿಲ್ಲ. ಇಕ್ ಆದರೆ ಉಪ್ಪಿನ ಹರಳಿನಂತೆ ಉಬ್ಬಿದ, ಕೂತು ಎಣಿಸಬಹುದಾದ ಚುಕ್ಕೆಗಳು. ವೆಲ್ವೆಟ್ ಆದರೆ ಜರಡಿ ಹಿಡಿದ ಹಿಟ್ಟು ಉದುರಿಸಿದ ಹಾಗೆ, ಎಣಿಸಲಾಗದಷ್ಟು ಸಣ್ಣ. ಕ್ಲೌನ್ ಮೀನಿನ ಮೈಯಿಂದ ಲೋಳೆ ಪದರಪದರವಾಗಿ ಸುಲಿದು ಜೋತಾಡುತ್ತಿದ್ದರೆ ಬ್ರೂಕ್ಲಿನೆಲ್ಲಾ ಎಂಬ ಪರಾವಲಂಬಿ. ಕ್ರೋಮಿಸ್ ಮೀನಿನ ಪಕ್ಕೆಯಲ್ಲಿ ಕೆಂಪು ಗಾಯ ಕಂಡರೆ ಯುರೊನೆಮಾ ಎಂಬ ಪರಾವಲಂಬಿ. ಇಕ್, ವೆಲ್ವೆಟ್‌ಗೆ ಔಷಧಿಯಾಗಿ ನೀರಿಗೆ ಹಾಕುವ ತಾಮ್ರ ಈ ಕೊನೆಯ ಎರಡಕ್ಕೂ ನಾಟುವುದಿಲ್ಲ. ಗುರುತು ತಪ್ಪಿದರೆ ಔಷಧಿಯೂ ತಪ್ಪುತ್ತದೆ, ಮೀನಿಗೆ ಇದ್ದ ಸಮಯವೂ ಹೋಗುತ್ತದೆ. ರೆಕ್ಕೆಯ ಅಂಚಿನಲ್ಲಿ ಹೂಕೋಸಿನಂಥ ಗಂಟು ಇದ್ದರೆ ಅದು ಲಿಂಫೋಸಿಸ್ಟಿಸ್ ವೈರಸ್. ಅದಕ್ಕೆ ಔಷಧಿ ಬೇಡ, ಊಟ ಚೆನ್ನಾಗಿ ಕೊಡಿ.

ಅನುಮಾನ ಉಳಿದರೆ ಮೈಕ್ರೋಸ್ಕೋಪ್. ಶಾಲಾ ಮಕ್ಕಳ ಮಟ್ಟದ್ದೇ ಸಾಕು, 40 ಪಟ್ಟು ಮತ್ತು 100 ಪಟ್ಟು ಕಂಡರಾಯಿತು. ಮೀನನ್ನು ಟ್ಯಾಂಕಿನ ನೀರಿನಲ್ಲಿ ನೆನೆಸಿದ ಬಟ್ಟೆಯಲ್ಲಿ ಹಿಡಿದು, ಕವರ್ ಸ್ಲಿಪ್ಪಿನ ಅಂಚಿನಿಂದ ಪಕ್ಕೆಯ ಲೋಳೆಯನ್ನು ತಲೆಯಿಂದ ಬಾಲದ ಕಡೆಗೆ ಒಮ್ಮೆ ಮೆಲ್ಲಗೆ ಎಳೆದುಕೊಳ್ಳುತ್ತೇನೆ. ಸ್ಲೈಡಿನ ಮೇಲೆ ಹಾಕುವ ಹನಿ ಅದೇ ಟ್ಯಾಂಕಿನ ಉಪ್ಪುನೀರಾಗಿರಬೇಕು. ನಲ್ಲಿ ನೀರು ಹಾಕಿದರೆ ನೋಡಬೇಕಾದ ಜೀವಿಯೇ ಒಡೆದುಹೋಗುತ್ತದೆ. ನಿಧಾನವಾಗಿ ತನ್ನ ಸುತ್ತಲೇ ತಿರುಗುವ, ಒಳಗೆ ನಾಲ್ಕು ಮಣಿಗಳಂತೆ ಭಾಗವಾದ ನ್ಯೂಕ್ಲಿಯಸ್ ಇರುವ ದುಂಡನೆಯದು ಇಕ್. ಕದಲದೆ ಅಂಟಿಕೊಂಡ, ಪೇರುಹಣ್ಣಿನ ಆಕಾರದ ಕಪ್ಪುಕಂದು ಚೀಲ ವೆಲ್ವೆಟ್. ಹುರುಳಿಬೀಜದ ಆಕಾರದಲ್ಲಿ ಸರಸರನೆ ಓಡುವುದು ಬ್ರೂಕ್ಲಿನೆಲ್ಲಾ. ಸತ್ತ ಮೀನನ್ನು ನೋಡುವುದಾದರೆ ಒಂದು ಗಂಟೆಯೊಳಗೆ ಕಿವಿರಿನ ಚೂರು ಕತ್ತರಿಸಿ ನೋಡಬೇಕು. ತಡವಾದರೆ ಪರಾವಲಂಬಿಗಳು ಬಿಟ್ಟುಹೋಗಿರುತ್ತವೆ.

ಇಕ್ ವಿಷಯದಲ್ಲಿ ಜನ ಮೋಸಹೋಗುವುದು ಅದರ ಜೀವನಚಕ್ರದಿಂದ. ಮೀನಿನ ಚರ್ಮದೊಳಗೆ 3ರಿಂದ 7 ದಿನ ಇದ್ದು, ಬಲಿತ ಮೇಲೆ ಹೆಚ್ಚಾಗಿ ಕತ್ತಲಲ್ಲಿ ಉದುರಿ, ಕಲ್ಲು ಮರಳಿಗೆ ಅಂಟಿ ಕೋಶ ಕಟ್ಟುತ್ತದೆ. ಒಂದೊಂದು ಕೋಶದಿಂದಲೂ ನೂರಾರು ಮರಿ ಹೊರಡುತ್ತವೆ. ನಾಲ್ಕನೇ ದಿನ ಚುಕ್ಕೆ ಮಾಯವಾದರೆ ‘ಬೆಳ್ಳುಳ್ಳಿ ರಸ ಕೆಲಸ ಮಾಡಿತು’ ಎನ್ನುತ್ತಾರೆ. ಬೆಳ್ಳುಳ್ಳಿ ಏನೂ ಮಾಡಿಲ್ಲ, ರೋಗ ನೆಲಕ್ಕೆ ಇಳಿದಿದೆ ಅಷ್ಟೆ. ವಾರ ಹತ್ತು ದಿನಕ್ಕೆ ದುಪ್ಪಟ್ಟಾಗಿ ಬರುತ್ತದೆ. ಹವಳಕ್ಕೂ ತೊಂದರೆಯಿಲ್ಲ, ರೋಗವನ್ನೂ ಕೊಲ್ಲುತ್ತೇನೆ ಎನ್ನುವ ಬಾಟಲಿಗಳ ಮೇಲೆ ನನಗೆ ನಂಬಿಕೆಯಿಲ್ಲ.

ರೋಗದ ಮೀನನ್ನು ಬೇರೆಯಾಗಿಟ್ಟು ಔಷಧಿ ಕೊಡುವ ಆಸ್ಪತ್ರೆ ಟ್ಯಾಂಕಿಗೆ ಮರಳು ಬೇಡ, ಕಲ್ಲು ಬೇಡ. ಹವಳದ ಮರಳು, ಲೈವ್ ರಾಕ್ (ಸೂಕ್ಷ್ಮಜೀವಿಗಳು ನೆಲೆಸಿದ ಸಮುದ್ರದ ಕಲ್ಲು) ಎರಡೂ ತಾಮ್ರವನ್ನು ಹೀರುತ್ತವೆ. ನನ್ನದು 60×30 ಸೆಂ.ಮೀ. ತಳದ ಗಾಜಿನ ಟ್ಯಾಂಕ್. ಒಂದು ಸೆಂ.ಮೀ. ಎತ್ತರಕ್ಕೆ 1.8 ಲೀಟರ್ ಲೆಕ್ಕದಲ್ಲಿ 33 ಸೆಂ.ಮೀ.ಗೆ 59.4 ಲೀಟರ್. ಒಳಗಿನ ಸಾಮಾನು ಕಳೆದು 58 ಎಂದು ಗಾಜಿನ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದು ಬರೆದಿದ್ದೇನೆ. ಅಂಗಡಿಯವರು ಹೇಳುವ ‘ಎರಡಡಿ ಟ್ಯಾಂಕ್’ ಲೆಕ್ಕದಲ್ಲಿ ಔಷಧಿ ಹಾಕಬಾರದು. ಅಡಗಿಕೊಳ್ಳಲು ಎರಡು ಇಂಚಿನ ಪಿವಿಸಿ ಎಲ್ಬೋ, ಹೀಟರ್, ಏರ್ ಸ್ಟೋನ್, ಕರೆಂಟ್ ಹೋದರೆ ಬ್ಯಾಟರಿ ಏರ್ ಪಂಪ್. ಸ್ಪಂಜ್ ಫಿಲ್ಟರನ್ನು ಮೊದಲೇ ಮೂರ್ನಾಲ್ಕು ವಾರ ದೊಡ್ಡ ಟ್ಯಾಂಕಿಗೆ ಜೋಡಿಸಿದ ಫಿಲ್ಟರ್ ತೊಟ್ಟಿಯಲ್ಲಿ (ಸಂಪ್) ಬಿಟ್ಟು ಬ್ಯಾಕ್ಟೀರಿಯಾ ಕೂರಿಸಿಕೊಂಡಿರುತ್ತೇನೆ. ಔಷಧಿಯನ್ನು ಹೀರುವ ಕಾರ್ಬನ್ ಫಿಲ್ಟರಿನಲ್ಲಿದ್ದರೆ ತೆಗೆದಿಡಬೇಕು.

ಮೀನನ್ನು ಅಲ್ಲಿಗೆ ಬಿಡುವ ಮೊದಲು ಸಿಹಿನೀರಿನಲ್ಲಿ 5 ನಿಮಿಷದ ಮುಳುಗು. ಆರ್‌ಒ ನೀರನ್ನು ಟ್ಯಾಂಕಿನ ಉಷ್ಣಾಂಶಕ್ಕೇ ತಂದು, ಚಿಟಿಕೆ ಚಿಟಿಕೆ ಅಡುಗೆ ಸೋಡಾ ಹಾಕಿ ಪಿಎಚ್ 8ರ ಮೇಲೆ ಏರಿಸಿ, ಅರ್ಧ ಗಂಟೆ ಗಾಳಿ ಆಡಿಸಿರಬೇಕು. ಕಪ್ಪು ಬಕೆಟ್ ಬಳಸಿ. ಮೈಗೆ ಅಂಟಿಕೊಳ್ಳುವ ಚಪ್ಪಟೆ ಫ್ಲೂಕ್ ಹುಳ ಇದ್ದರೆ ಬೆಳ್ಳಗಾಗಿ ಎಳ್ಳಿನಂತೆ ತಳದಲ್ಲಿ ಕಾಣುತ್ತವೆ. ಹಾಗೆ ಕಂಡರೆ ಲೀಟರಿಗೆ 2.5 ಮಿ.ಗ್ರಾಂ ಪ್ರಾಜಿಕ್ವಾಂಟೆಲ್, ವಾರದ ನಂತರ ಮತ್ತೊಮ್ಮೆ, ಏಕೆಂದರೆ ಮೊದಲ ಡೋಸಿಗೆ ಮೊಟ್ಟೆ ಸಾಯುವುದಿಲ್ಲ. ಮುಳುಗಿನಲ್ಲಿ ಮೀನು ಮೊದಲ ಅರ್ಧ ನಿಮಿಷ ಪಕ್ಕಕ್ಕೆ ಮಲಗಿದರೆ ಹೆದರಬೇಡಿ, ಕಿವಿರು ಬಡಿತ ನಿಂತರೆ ಮಾತ್ರ ತಕ್ಷಣ ಎತ್ತಿ. ಈ ಮುಳುಗಿನಿಂದ ವೆಲ್ವೆಟ್ ತಗುಲಿದ ಮೀನಿಗೆ ಸ್ವಲ್ಪ ಉಸಿರಾಟದ ಬಿಡುವು ಸಿಗುತ್ತದೆ, ರೋಗ ಹೋಗುವುದಿಲ್ಲ.

ಇನ್ನು ತಾಮ್ರ. ಎರಡು ಬಗೆ ಇವೆ, ಎರಡರ ಅಂಕಿಯನ್ನೂ ಎಂದಿಗೂ ಬೆರೆಸಬಾರದು. ಬಿಡಿ ತಾಮ್ರ, ಅಂದರೆ ಮೈಲುತುತ್ತದ್ದು, ಲೀಟರಿಗೆ 0.15ರಿಂದ 0.20 ಮಿ.ಗ್ರಾಂ. ಕಟ್ಟುಹಾಕಿದ ಚೀಲೇಟೆಡ್ ತಾಮ್ರದ ಬಾಟಲಿಯಾದರೆ ಸಾಮಾನ್ಯವಾಗಿ 2.0ರಿಂದ 2.5, ಅದರ ಲೇಬಲ್ ಹೇಳಿದಷ್ಟು. ಚೀಲೇಟೆಡ್‌ನ 2.0 ಅನ್ನು ಮೈಲುತುತ್ತದಲ್ಲಿ ಮಾಡಿದರೆ ಬೆಳಗಾಗುವುದರೊಳಗೆ ಟ್ಯಾಂಕ್ ಖಾಲಿ. ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಮಾಡಲು ತಂದಿಟ್ಟ ಮೈಲುತುತ್ತವೂ ಬೇಡ, ಲ್ಯಾಬ್ ದರ್ಜೆಯದೇ ತನ್ನಿ. 3.93 ಗ್ರಾಂ ನೀಲಿ ಹರಳನ್ನು ಒಂದು ಲೀಟರ್ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿದರೆ ಒಂದು ಮಿ.ಲೀ.ನಲ್ಲಿ ಒಂದು ಮಿ.ಗ್ರಾಂ ತಾಮ್ರ. ನನ್ನ 58 ಲೀಟರನ್ನು 0.20ಕ್ಕೆ ತರಲು 11.6 ಮಿ.ಲೀ. ಅದನ್ನು ನಾಲ್ಕು ಪಾಲು ಮಾಡಿ 48 ಗಂಟೆಯಲ್ಲಿ ಹಾಕುತ್ತೇನೆ. ಆದರೆ ಉಪ್ಪುನೀರಿನ ಪಿಎಚ್‌ನಲ್ಲಿ ಬಿಡಿ ತಾಮ್ರ ಕಾರ್ಬೊನೇಟ್ ಆಗಿ ತಳಕ್ಕೆ ಕೂರುತ್ತಲೇ ಇರುತ್ತದೆ, ದಿನಕ್ಕೆರಡು ಸಲ ಅಳೆದು ತುಂಬಬೇಕು. ಆಫೀಸಿಗೆ ಹೋಗಿಬರುವವರಿಗೆ ಚೀಲೇಟೆಡ್ಡೇ ಸರಿ, ಈಗ ನಾನೂ ಅದನ್ನೇ ಬಳಸುವುದು.

ಅಳತೆಗೆ ಹ್ಯಾನಾ ಕಂಪನಿಯ ಎಚ್‌ಐ702 ಚೆಕರ್ ಇಟ್ಟುಕೊಂಡಿದ್ದೇನೆ, 5 ಪಿಪಿಎಂವರೆಗೆ, ಅಂದರೆ ಲೀಟರಿಗೆ 5 ಮಿ.ಗ್ರಾಂವರೆಗೆ, ತಾಮ್ರವನ್ನು ಓದುತ್ತದೆ. ಬಣ್ಣದ ಕಾರ್ಡಿಗೆ ಹೋಲಿಸುವ ಕಿಟ್‌ನಲ್ಲಿ 1.5 ಮತ್ತು 2.0ರ ನಡುವಿನ ಹಸಿರು ನನ್ನ ಕಣ್ಣಿಗೆ ಒಂದೇ. ಸೀಸೆಯ ಮೇಲಿನ ಬೆರಳಚ್ಚು, ಒಳಗಿನ ಗಾಳಿಗುಳ್ಳೆ, ಎರಡೂ ಓದನ್ನು ತಪ್ಪಿಸುತ್ತವೆ. ಒರೆಸಿ, ಬಡಿದು, ಎರಡು ಸಲ ಓದಿ.

ತಾಮ್ರ ಕೊಲ್ಲುವುದು ನೀರಿನಲ್ಲಿ ಈಜುವ ಮರಿಗಳನ್ನು ಮಾತ್ರ. ಚರ್ಮದೊಳಗಿರುವುದಕ್ಕೂ ಕೋಶದೊಳಗಿರುವುದಕ್ಕೂ ತಾಗುವುದಿಲ್ಲ. ಆದ್ದರಿಂದ ಮೊದಲ ಮೂರು ದಿನ ಚುಕ್ಕೆ ಹೆಚ್ಚಾದರೂ ಡೋಸ್ ಏರಿಸಬೇಡಿ. 30 ದಿನ ಒಂದೇ ಮಟ್ಟ. ನಡುವೆ ಒಂದು ದಿನ ಕೆಳಗಿಳಿದರೆ ಎಣಿಕೆ ಮತ್ತೆ ಒಂದರಿಂದ. ಆವಿಯಾದ ನೀರಿಗೆ ಬರೀ ಆರ್‌ಒ ಸುರಿಯುತ್ತೇನೆ, ತಾಮ್ರ ಆವಿಯಾಗುವುದಿಲ್ಲ. 15 ಲೀಟರ್ ಬದಲಿಸಿದರೆ ಹೊಸ 15 ಲೀಟರಿನಲ್ಲಿ ಅಷ್ಟೇ ಮಟ್ಟದ ತಾಮ್ರ ಮೊದಲೇ ಕರಗಿರಬೇಕು. ಆಸ್ಪತ್ರೆ ಟ್ಯಾಂಕಿನಲ್ಲಿ ರೋಗಕ್ಕಿಂತ ಅಮೋನಿಯಾಕ್ಕೆ ಸತ್ತ ಮೀನೇ ಹೆಚ್ಚು. ಆದರೂ ಅಮೋನಿಯಾ ಕಟ್ಟುವ ಕಂಡಿಷನರ್ ಹಾಕಬಾರದು, ಅವುಗಳಲ್ಲಿ ಹಲವು ತಾಮ್ರವನ್ನು ಇನ್ನೂ ವಿಷಕರ ರೂಪಕ್ಕೆ ತಿರುಗಿಸುತ್ತವೆ. ನೀರು ಬದಲಿಸುವುದೊಂದೇ ದಾರಿ.

ಪಫರ್, ಲಯನ್, ಮ್ಯಾಂಡರಿನ್, ಕುಳ್ಳ ಏಂಜಲ್ ಮೀನುಗಳಿಗೆ ತಾಮ್ರ ಕಷ್ಟ, ತೊರಕೆ ಮತ್ತು ಶಾರ್ಕಿಗೆ ಕೂಡದೇ ಕೂಡದು. ಇಕ್ ಎಂದು ಖಚಿತವಾದರೆ ಅಂಥ ಸೂಕ್ಷ್ಮ ಎಲುಬುಮೀನನ್ನು 72 ಗಂಟೆಗೊಮ್ಮೆ ಒಣಗಿಸಿದ ಹೊಸ ಟ್ಯಾಂಕಿಗೆ ನಾಲ್ಕು ಸಲ ವರ್ಗಾಯಿಸುತ್ತೇನೆ, ಉದುರಿದ ಕೋಶ ಒಡೆಯುವ ಮೊದಲೇ ಮೀನು ಮುಂದಕ್ಕೆ ಹೋಗಿರುತ್ತದೆ. ವೆಲ್ವೆಟ್ಟಿಗೆ ಈ ಉಪಾಯ ನಡೆಯುವುದಿಲ್ಲ. ಉಪ್ಪಿನಂಶವನ್ನು ಸಾಪೇಕ್ಷ ಸಾಂದ್ರತೆ 1.009ಕ್ಕೆ ಇಳಿಸುವುದೂ ಅಷ್ಟೆ, ವೆಲ್ವೆಟ್ ಅದಕ್ಕೆ ಜಗ್ಗುವುದಿಲ್ಲ.

ಬ್ರೂಕ್ಲಿನೆಲ್ಲಾಗೆ 37 ಶೇಕಡಾ ಫಾರ್ಮಾಲ್ಡಿಹೈಡ್ ಇರುವ ಫಾರ್ಮಾಲಿನ್. ನಮ್ಮ ಕಡೆಯ ಬೆಚ್ಚಗಿನ ನೀರಿಗೆ ಲೀಟರಿಗೆ 0.15 ಮಿ.ಲೀ., 30ರಿಂದ 45 ನಿಮಿಷ, ಗಾಳಿ ಜೋರಾಗಿ, ಏಕೆಂದರೆ ಅದು ನೀರಿನ ಆಮ್ಲಜನಕ ತಿನ್ನುತ್ತದೆ. ಬಾಟಲಿಯ ತಳದಲ್ಲಿ ಬಿಳಿ ಗಸಿ ಕಟ್ಟಿದ್ದರೆ ಎಸೆಯಿರಿ, ಅದು ಮೀನಿಗೆ ಬಹಳ ವಿಷ. ಕೈಗವಸು ಹಾಕಿ ಮನೆಯ ಹೊರಗೆ ಮಾಡಿ, ಅದು ಕ್ಯಾನ್ಸರ್‌ಕಾರಕ.

ಇತ್ತ ದೊಡ್ಡ ಟ್ಯಾಂಕ್ ಮೀನಿಲ್ಲದೆ ಖಾಲಿ ಇರಬೇಕು: ಇಕ್ ಆದರೆ 76 ದಿನ, ವೆಲ್ವೆಟ್ ಆದರೆ 6 ವಾರ. ಹವಳ, ಬಸವನಹುಳು, ಏಡಿ ಇರಲಿ. ಕಲ್ಲಿನ ಸಂದಿಯಲ್ಲಿ ಒಂದೇ ಒಂದು ಗೋಬಿ ಮೀನು ಉಳಿದರೂ ಅಷ್ಟೂ ದಿನ ದಂಡ, ಆದ್ದರಿಂದ ರಾತ್ರಿ ಟಾರ್ಚ್ ಹಾಕಿ ಎರಡು ಸಲ ಹುಡುಕುತ್ತೇನೆ. ವೆಲ್ವೆಟ್ ನೀರಿನ ಸಿಡಿಹನಿಯಲ್ಲೂ ಸಾಗಬಲ್ಲದು. ಎರಡು ಟ್ಯಾಂಕುಗಳ ನಡುವೆ ಕನಿಷ್ಠ 3 ಮೀಟರ್ ಅಂತರ, ಬಲೆ, ಬಕೆಟ್, ಸೈಫನ್ ಪೈಪ್ ಎಲ್ಲವೂ ಬೇರೆ ಬೇರೆ. ಕೆಂಪು ಟೇಪ್ ಸುತ್ತಿದ್ದು ರೋಗಿಯದು, ಅದನ್ನು ತೊಳೆದು ಬಿಸಿಲಿನಲ್ಲಿ ಪೂರ್ತಿ ಒಣಗಿಸಿದ ಮೇಲೆಯೇ ಮತ್ತೆ ಒಳಗೆ ತರುವುದು.